ಎತ್ತು ಮುಳುಗಿದ ಮಡು: ನಮ್ಮ ಕಡೆಯ ಗುಡ್ಡ, ಹಳ್ಳ, ಕಲ್ಲುಗಳಿಗೆ ಹೆಸರು ಬಂದದ್ದು ಹಿಂಗ

(1/10)
ಫೋಟೋ ನೋಡಿ ಮೋಸ ಹೋಗಬೇಡಿ. ನೀರು ತಣ್ಣಗೆ ನಿಂತಿದೆ, ದಂಡೆ ಮೇಲೆ ಹಸಿರು ಜೇಕು, ಹಿಂದೆ ಎರಡು ಆನೆ ಕೂತಂಗೆ ಎರಡು ದೊಡ್ಡ ಗುಂಡು. ದೇವದುರ್ಗ ತಾಲೂಕಿನಲ್ಲಿರೋ ನಮ್ಮ ಅಜ್ಜಿ ಊರಿನ ಹಳ್ಳ ಇದು.

ಹೋದ ವರ್ಷ ಪರೀಕ್ಷೆ ಮುಗಿಸಿ ರಾಯಚೂರಿನಿಂದ ಊರಿಗೆ ಹೋಗಿದ್ದೆ. ಮಾಮಾನ ಮಗ, ಒಂಬತ್ತನೇ ಕ್ಲಾಸು, "ಅಣ್ಣಾ, ಈಜಾಕ ಹೋಗಮ ಬಾ" ಅಂದ. ಹೋದ್ವಿ. ಅವನು ಗುಂಡಿನ ಮೇಲಿಂದ ಜಿಗಿದ. ಎದೆಮಟ್ಟ ನೀರು ಇರಬೇಕು ಅಂತ ನಾವಿಬ್ಬರೂ ಅಂದುಕೊಂಡಿದ್ವಿ. ಅವನ ಕಾಲಿಗೆ ನೆಲ ಸಿಗಲಿಲ್ಲ. ಒಂದು ಸಲ ಮೇಲೆ ಬಂದ, ಎರಡನೇ ಸಲ ಬರೀ ಕೈ ಕಾಣಿಸಿತು. ನನಗೆ ಈಜು ಅಷ್ಟಕ್ಕಷ್ಟೇ. ಜೋರಾಗಿ ಕೂಗಿದ್ದು ಮಾತ್ರ ನೆನಪಿದೆ. ಆಚೆ ದಂಡೆಯಲ್ಲಿ ಕುರಿ ಕಾಯ್ತಿದ್ದ ಹಿರಿಯರೊಬ್ಬರು ಓಡಿ ಬಂದು, ಹೆಗಲ ಮೇಲಿದ್ದ ಕಂಬಳಿಯ ಒಂದು ತುದಿ ಹಿಡಿದು ಇನ್ನೊಂದು ತುದಿ ನೀರಿಗೆ ಎಸೆದರು. ಅವನ ಕೈಗೆ ಅದು ಸಿಕ್ಕಿತು.

ಮನೆಗೆ ಬಂದ ಮೇಲೆ ಅಜ್ಜಿ ಕೇಳಿದಳು, "ಎಲ್ಲಿ ಇಳಿದಿದ್ರಿ?"
"ಎರಡು ಗುಂಡು ಅದಾವಲ್ಲ, ಅಲ್ಲಿ."
ಅಜ್ಜಿ ತಲೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ನನ್ನಪ್ಪಾ! ಅದು ಎತ್ತು ಮುಳುಗಿದ ಮಡು ಅಲ್ಲೇನೋ! ಹೆಸರು ಗೊತ್ತಿದ್ರ ಯಾರರ ಅಲ್ಲಿ ಇಳೀತಾರೇನು?"

ನಮಗೆ ಗೊತ್ತಿರಲಿಲ್ಲ. ಮಾಮಾಗೆ ಗೊತ್ತಿತ್ತು, ಆದರೆ ಮಗನಿಗೆ ಹೇಳೋ ಪ್ರಸಂಗ ಬಂದಿರಲಿಲ್ಲ. ಫೋನಿನ ಮ್ಯಾಪ್ ತೆಗೆದು ನೋಡಿದೆ. ಆ ಜಾಗದಲ್ಲಿ ಒಂದು ತೆಳು ನೀಲಿ ಗೆರೆ ಇದೆ, ಹೆಸರಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಸುತ್ತ ಇರೋ ಗುಡ್ಡ, ಹಳ್ಳ, ಕಲ್ಲುಗಳ ಹೆಸರೊಳಗೆ ಇನ್ನೂ ಏನೇನು ಬರೆದಿಟ್ಟಿದ್ದಾರೋ, ನಾವು ಓದದೇ ಜಿಗೀತಾ ಇದ್ದೀವಿ ಅನ್ನಿಸ್ತು. ಈ ಹತ್ತು ಪೋಸ್ಟು ಅದಕ್ಕೇ.

(2/10)
ಮಾರನೇ ದಿನ ಒಂದು ನೋಟ್‌ಬುಕ್ ಶುರು ಮಾಡಿದೆ. ಎಡಗಡೆ ಹೆಸರು, ಬಲಗಡೆ ಕಾರಣ. ಬಿಕಾಂ ಹುಡುಗ ಅಲ್ವಾ, ಎರಡು ಕಾಲಂ ಹೊಡೆಯದೇ ಬರೆಯೋಕೆ ಬರಲ್ಲ. ರೂಲ್ ಕೂಡ ನಮ್ಮ ಅಕೌಂಟ್ಸ್ ಕ್ಲಾಸಿನದೇ: ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಕಿವಿಗೆ ಚಂದ ಕೇಳಿಸಿತು ಅಂತ ಕಾರಣ ಬರೆಯೋ ಹಾಗಿಲ್ಲ. ಒಂದೋ ಶಾಸನ ಇರಬೇಕು, ಇಲ್ಲಾ ಅಗೆದು ನೋಡಿದವರ ಸಾಕ್ಷಿ ಬೇಕು, ಇಲ್ಲಾ ಜಾಗಕ್ಕೆ ಹೋಗಿ ನಿಂತರೆ ಕಣ್ಣಿಗೆ ಕಾಣಬೇಕು.

ಮೊದಲ ಎಂಟ್ರಿ ಕಾಡಿನದು. ನಗಬೇಡ್ರಿ. "ರಾಯಚೂರಾಗ ಕಾಡು ಎಲ್ಲೈತಲೇ?" ಅಂತ ನನ್ನ ದೋಸ್ತನೂ ಕೇಳಿದ. ನಿಜ, ರಾಜ್ಯದಲ್ಲೇ ಅರಣ್ಯ ತೀರಾ ಕಡಿಮೆ ಇರೋ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಬಿಸಿಲು, ಬಂಡೆ, ಜಾಲಿ ಮುಳ್ಳು, ಕಾಲುವೆ ಬಂದ ಕಡೆ ಭತ್ತ.

ಆದರೆ ಹೆಸರು ಕೇಳಿ. ದೇವದುರ್ಗ ತಾಲೂಕಿನಲ್ಲಿ ಕರಡಿಗುಡ್ಡ ಇದೆ. ಮಾನ್ವಿ ಕಡೆ ನವಲಕಲ್ ಇದೆ. ನಮ್ಮ ಮಾತಿನಲ್ಲಿ ನವಲು ಅಂದ್ರೆ ನವಿಲು, ಕಲ್ ಅಂದ್ರೆ ಕಲ್ಲು. ಜಾಲಹಳ್ಳಿ ಅಂದಾಗ ಜಾಲಿ ಮರ ಕೇಳಿಸುತ್ತೆ. ನದಿ ಆಚೆ ಹುಣಸಗಿ ಅಂದಾಗ ಹುಣಸೆ.

ಕರಡಿ ಇಲ್ಲಿ ಹೇಗೆ ಅಂತೀರಾ? ನಮ್ಮಂಥದ್ದೇ ಬೆಣಚು ಗುಂಡುಗಳ ಗುಡ್ಡ, ಕುರುಚಲು ಗಿಡ ಇರೋ ದರೋಜಿಗೆ ಹೋಗಿ ನೋಡಿ. ಹಂಪಿ ಹತ್ತಿರ ಇದೆ, 1994ರಿಂದ ಕರಡಿಧಾಮ. ಕರಡಿಗೆ ದಟ್ಟ ಮಲೆನಾಡೇ ಬೇಕು ಅಂತಿಲ್ಲ. ಗುಂಡಿನ ಸಂದಿಯ ಗವಿ, ಕಾರೆ ಹಣ್ಣು, ಗೆದ್ದಲು, ಜೇನು ಇದ್ದರೆ ಸಾಕು. ನಮ್ಮ ಗುಡ್ಡಗಳೂ ಅಂಥವೇ.

ಅಂದ್ರೆ ಹೆಸರಿಟ್ಟವನು ಕವಿತೆ ಬರೀತಿರಲಿಲ್ಲ. ಕಟ್ಟಿಗೆ ತರೋಕೆ ಹೋಗೋರಿಗೆ ಒಂದು ಬೋರ್ಡು ಹಾಕಿದ್ದ: ಈ ಕಡೆ ಕರಡಿ ಇದೆ, ಹುಷಾರ್. ಕಾಡು ತೆಳುವಾಯ್ತು, ಬೋರ್ಡು ಉಳೀತು.

(3/10)
ಇವತ್ತು ಕಲ್ಲಿನ ಹೆಸರುಗಳು. ಮೊದಲು ಒಂದು ಜೋಕು. ನೀವೆಲ್ಲ ದಿನಾ ಗೂಗಲ್ ಮಾಡ್ತೀರಿ, ಆದರೆ ಗೂಗಲ್‌ಗೆ ಹೋಗಿದ್ದೀರಾ? ದೇವದುರ್ಗ ತಾಲೂಕಿನಲ್ಲಿ ಕೃಷ್ಣಾ ದಂಡೆ ಮೇಲಿದೆ. ಅಲ್ಲಮಪ್ರಭು ದೇವಸ್ಥಾನ ಇದೆ, ಹೊಳೆಗೆ ಬ್ಯಾರೇಜ್ ಇದೆ. ಎರಡನೇ ಸ್ಲೈಡ್ ಅಲ್ಲಿದೇ.

ಈಗ ಸೀರಿಯಸ್ ಆಗಿ ಓದಿ: ಗೂಗಲ್, ನವಲಕಲ್, ಮಲದಕಲ್, ಗಣೇಕಲ್, ಮಸರಕಲ್, ಲಿಂಗಸುಗೂರು ಕಡೆ ಮುದಗಲ್. ಬಾಲದಲ್ಲೆಲ್ಲ ಕಲ್ಲೇ. ಮಾನ್ವಿ ರಸ್ತೆಯ ಕಲ್ಲೂರಿನಲ್ಲಿ ಅದು ಮುಂದೆ ಬಂದಿದೆ. ನಮ್ಮ ಜಿಲ್ಲೆಯ ನೆಲದಡಿ ಇರೋದು ಕೋಟಿಗಟ್ಟಲೆ ವರ್ಷ ಹಳೆಯ ಬೆಣಚು ಶಿಲೆ. ಬಯಲಿನಲ್ಲಿ ದೂರದಿಂದ ಕಾಣೋದು ಅದೊಂದೇ. ದಾರಿ ಕೇಳಿದವರಿಗೆ ಬೇರೆ ಏನು ತೋರಿಸಬೇಕು? "ಆ ಕಲ್ಲು ಕಾಣ್ತದಲ್ಲ, ಅದರ ಬುಡಕ್ಕ ಹೋಗ್ರಿ." ಕಲ್ಲಿನ ಹೆಸರು ಊರಿಗೆ ಹತ್ತಿಕೊಂಡಿತು.

ಮಸರಕಲ್ ನನಗೆ ಬಾಳ ಇಷ್ಟದ ಎಂಟ್ರಿ. ಮೊದಲು ಅದನ್ನ ಮಸಾರಿ ಅಂತ ಓದಿದ್ದೆ. ಎರಿ ಹೊಲ ಅಂದ್ರೆ ಕಪ್ಪು ಮಣ್ಣು, ಮಸಾರಿ ಅಂದ್ರೆ ಕೆಂಪು ಮಣ್ಣು, ಹಂಗಾಗಿ ಕೆಂಪು ನೆಲದ ಕಲ್ಲು ಅಂತ. ವೋಚರ್ ಹುಡುಕಿದಾಗ ಬಿದ್ದು ಹೋಯ್ತು. 18ನೇ ಶತಮಾನದ ಹರಿದಾಸ ಗೋಪಾಲದಾಸರ ಊರು ಇದು, ದಾಸಸಾಹಿತ್ಯದ ಪುಸ್ತಕಗಳಲ್ಲಿ ಬರೋದು ಮೊಸರಕಲ್ಲು ಅಂತ. ನಾವು ಮೊಸರಿಗೆ ಮಸರು ಅಂತೀವಲ್ಲ, ಅದೇ. ನನ್ನ ಪೆನ್ಸಿಲ್ ಎಂಟ್ರಿ ಅಳಿಸಿದೆ.

ಇನ್ನೊಂದು ಬಾಲ ದಿನ್ನಿ: ನಾಗಡದಿನ್ನಿ, ಜಾಡಲದಿನ್ನಿ. ದಿನ್ನಿ ಅಂದ್ರೆ ದಿಬ್ಬ, ಎತ್ತರದ ನೆಲ. ಎರಿ ಸೀಮೆಯಲ್ಲಿ ಮಳೆಗಾಲದಾಗ ನಡೆದವರಿಗೆ ಇದರ ಬೆಲೆ ಗೊತ್ತು. ಕಪ್ಪು ಮಣ್ಣಿನಲ್ಲಿ ಕಾಲು ಮೊಣಕಾಲಿನತನಕ ಹೂತಾಗ, ದಿನ್ನಿ ಎಲ್ಲಿದೆ ಅನ್ನೋದೇ ದೊಡ್ಡ ಸುದ್ದಿ.

(4/10)
ಕಲ್ಲಾಯ್ತು, ಇನ್ನು ನೀರು. ಎಸ್ಸೆಸ್ಸೆಲ್ಸಿ ಇತಿಹಾಸದಲ್ಲಿ "ರಾಯಚೂರು ದೋಆಬ್" ಅಂತ ಉರು ಹೊಡೆದಿದ್ದೀವಿ. ದೋಆಬ್‌ಗಾಗಿ ಬಹಮನಿಗಳಿಗೂ ವಿಜಯನಗರಕ್ಕೂ ಯುದ್ಧ, 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ರಾಯಚೂರು ಯುದ್ಧ, ಐದು ಮಾರ್ಕ್ಸ್. ದೋಆಬ್ ಅಂದ್ರೆ ಏನು ಅಂತ ಯಾರೂ ಕೇಳಲಿಲ್ಲ.

ಪಾರಸಿಯಲ್ಲಿ ದೋ ಅಂದ್ರೆ ಎರಡು, ಆಬ್ ಅಂದ್ರೆ ನೀರು. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ದೇವದುರ್ಗದವರು ಕೃಷ್ಣಾ ನೀರು, ಮಾನ್ವಿಯವರು ತುಂಗಭದ್ರಾ ನೀರು. ನಡುವೆ ನಾವು.

ಪಾರಸಿ ಬರೋಕೆ ಮುಂಚೆ ಈ ನೆಲಕ್ಕೆ ಹೆಸರಿರಲಿಲ್ವಾ? ಇತ್ತು. ಶಾಸನಗಳಲ್ಲಿ ಎಡೆದೊರೆ ನಾಡು, ಎಡೆದೊರೆ ಎರಡು ಸಾವಿರ ಅಂತ ಬರುತ್ತೆ. ಎಡೆ ಅಂದ್ರೆ ನಡುವೆ, ತೊರೆ ಅಂದ್ರೆ ಹೊಳೆ. ಎಡೆ ಮತ್ತು ತೊರೆ ಕೂಡಿ ಎಡೆದೊರೆ. ತಕಾರಕ್ಕೆ ದಕಾರ, ಆದೇಶಸಂಧಿ. ಹೈಸ್ಕೂಲಿನಲ್ಲಿ ಬೈಸಿಕೊಂಡು ಕಲಿತ ವ್ಯಾಕರಣ ಇಲ್ಲಿ ಉಪಯೋಗಕ್ಕೆ ಬಂತು. ಸಾವಿರ ವರ್ಷದ ಹಿಂದೆ ರಾಜೇಂದ್ರ ಚೋಳನ ತಮಿಳು ಪ್ರಶಸ್ತಿಯಲ್ಲೂ ಅವನು ಗೆದ್ದ ನಾಡುಗಳ ಪಟ್ಟಿಯ ಮೊದಲಿಗೇ ಇದರ ಹೆಸರಿದೆ, ತಮಿಳು ಉಚ್ಚಾರದಲ್ಲಿ ಇಡೈತುರೈ ನಾಡು ಅಂತ.

ಕೃಷ್ಣೆಯನ್ನ ಹಳೆಗನ್ನಡ ಶಾಸನಗಳು ಪೆರ್ದೊರೆ ಅಂತ ಕರೀತಾವೆ. ಪೆರ್ ಅಂದ್ರೆ ಹಿರಿದು. ದೊಡ್ಡ ಹೊಳೆ, ಅಷ್ಟೇ. ಮುಂದೆ ಪ ಹೋಗಿ ಹ ಬಂದಾಗ ಅದು ಹೆದ್ದೊರೆ ಆಯ್ತು, ಪಾಲು ಹಾಲಾದಂಗೆ.

ನನಗೆ ಆಶ್ಚರ್ಯ ಆದದ್ದು ಇದು: ರಾಜ್ಯ ಬದಲಾಯ್ತು, ಭಾಷೆ ಬದಲಾಯ್ತು, ಅರ್ಥ ಮಾತ್ರ ಹಂಗೇ ನಿಂತಿತು. ಕನ್ನಡದವನೂ ಪಾರಸಿಯವನೂ ಇಲ್ಲಿ ನಿಂತು ಎಡಕ್ಕೆ ಬಲಕ್ಕೆ ನೋಡಿ ಒಂದೇ ಮಾತು ಹೇಳಿದರು. ನೀರು ಎಲ್ಲಿದೆ ಅನ್ನೋದು ಇಬ್ಬರಿಗೂ ಮೊದಲು ಬೇಕಿತ್ತು.

(5/10)
ಎಡೆದೊರೆ ದಡದಲ್ಲಿ ನಿಂತವರು ಇಟ್ಟ ಹೆಸರು. ಹೊಳೆಯ ಒಳಗೇ ಬದುಕೋರು ಇಟ್ಟ ಹೆಸರುಗಳೂ ಇವೆ. ಕೃಷ್ಣೆ ನಮ್ಮ ಜಿಲ್ಲೆಯಲ್ಲಿ ಸೀಳಿ ಸೀಳಿ ಹರಿಯುತ್ತೆ, ನಡುವೆ ನಡುಗಡ್ಡೆಗಳು. ನಮ್ಮ ಬಾಯಲ್ಲಿ ಗಡ್ಡಿ. ರಾಯಚೂರು ಹತ್ತಿರ ನಾರದಗಡ್ಡಿ, ಲಿಂಗಸುಗೂರು ಕಡೆ ಮ್ಯಾದರಗಡ್ಡಿ, ವಂಕಮ್ಮನಗಡ್ಡಿ, ಕರಕಲಗಡ್ಡಿ.

ಮ್ಯಾದರು ಅಂದ್ರೆ ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯೋರು. ಒಂದು ಗಡ್ಡಿ ದೇವರ್ಷಿಗೆ, ಒಂದು ಬುಟ್ಟಿ ಹೆಣೆಯೋರಿಗೆ, ಒಂದು ವಂಕಮ್ಮ ಅನ್ನೋ ಹೆಸರಿಗೆ. ಹೊಳೆ ಜಾತಿ ಕೇಳಲಿಲ್ಲ ನೋಡ್ರಿ.

ರಾಯಚೂರು ತಾಲೂಕಿನ ಎರಡು ನಡುಗಡ್ಡೆ ಊರುಗಳನ್ನ ನೋಡಿ: ಕುರ್ವಕಲಾ, ಕುರ್ವಕುರ್ದಾ. ಕುರುವ ಅನ್ನೋದು ಹೊಳೆ ನಡುವಿನ ದಿಬ್ಬಕ್ಕೆ ಹಳೆಯ ಕನ್ನಡ ಮಾತು. ದತ್ತಾತ್ರೇಯ ಭಕ್ತರು ಹೋಗೋ ಕುರುವಪುರದಲ್ಲೂ ಅದೇ ಇದೆ. ಹಿಂದಿನ ಅರ್ಧ ಪಾರಸಿ. ಕಲಾನ್ ಅಂದ್ರೆ ದೊಡ್ಡದು, ಖುರ್ದ್ ಅಂದ್ರೆ ಚಿಕ್ಕದು. ನಾವು ಹಿರೇ, ಚಿಕ್ಕ ಅಂತ ಊರಿನ ಹೆಸರಿನ ಮುಂದೆ ಸೇರಿಸಿದ್ರೆ, ಕಚೇರಿಯವರು ತಮ್ಮ ಭಾಷೆಯಲ್ಲಿ ಹಿಂದೆ ಸೇರಿಸಿದರು. 1948ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ವಿ, ದಫ್ತರದ ಭಾಷೆ ಉರ್ದು. ಹಂಗಾಗಿ ಒಂದೇ ಹೆಸರಿನಲ್ಲಿ ಅಂಬಿಗನ ಅರ್ಧ ಇದೆ, ಗುಮಾಸ್ತನ ಅರ್ಧ ಇದೆ.

ಈ ಹೆಸರು ಬರೀ ಹಳೇ ಕಥೆ ಅಲ್ಲ. 2019ರ ಆಗಸ್ಟ್ ನೆನಪಿದೆಯಲ್ಲ, ಕೃಷ್ಣಾ ಪ್ರವಾಹ? ಟಿವಿಯಲ್ಲಿ ಬಂದದ್ದು ಇದೇ ಗಡ್ಡಿಗಳ ಹೆಸರು. ಹೆಸರಿನ ಕೊನೆಗೆ ಗಡ್ಡಿ ಇದ್ದರೆ ಅರ್ಥ ಒಂದೇ: ಹೊಳೆ ತುಂಬಿದಾಗ ನಾಲ್ಕೂ ಕಡೆ ನೀರು. ಅಲ್ಲಿ ಮನೆ ಮಾಡಿದವರಿಗೆ ಆ ಮಾತು ಮೊದಲೇ ಗೊತ್ತು. ಸೇತುವೆ ಮಾಡಬೇಕಾದವರ ಕಿವಿಗೆ ಮಾತ್ರ ಅದು ತಡವಾಗಿ ಕೇಳಿಸುತ್ತೆ.

(6/10)
ತಿಂಥಣಿ ಬ್ರಿಜ್ ದಾಟಿ ಹೊಳೆ ಆಚೆ ಹೋಗೋಣ. ಅದು ಸುರಪುರ ಸೀಮೆ, ಈಗ ಯಾದಗಿರಿ ಜಿಲ್ಲೆ. ಅಲ್ಲೊಂದು ಊರು ಬೂದಿಹಾಳ. ಹೆಸರಿನಲ್ಲೇ ಬೂದಿ.

ಈ ಕಡೆಯ ಎಷ್ಟೋ ಬಯಲುಗಳಲ್ಲಿ ಬೂದಿ ಬಣ್ಣದ ದಿಬ್ಬಗಳಿವೆ. ಬಳ್ಳಾರಿ ಹತ್ತಿರದ ಕುಡತಿನಿಯದು ತುಂಬಾ ಹೆಸರುವಾಸಿ. ಗಿಡ ಸರಿಯಾಗಿ ಬೆಳೆಯಲ್ಲ, ಕೆದರಿದರೆ ಬೂದಿ, ಸುಟ್ಟು ಕಿಟ್ಟದಂಗೆ ಗಟ್ಟಿಯಾದ ಹೆಂಟೆ. ಏನಿದು? ಜನ ರಾಮಾಯಣಕ್ಕೆ ಹೋದರು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬಕ್ಕೆ ವಾಲಿಯನ್ನ ಸುಟ್ಟ ಬೂದಿ ಅಂತಾರೆ. ಬೇರೆ ಕಡೆ ರಾಕ್ಷಸರನ್ನ ಸುಟ್ಟ ಜಾಗ ಅಂತಾರೆ. ಬ್ರಿಟಿಷ್ ಅಧಿಕಾರಿಗಳು 19ನೇ ಶತಮಾನದಲ್ಲಿ ಬಂದು ಜ್ವಾಲಾಮುಖಿಯೋ, ಗಾಜಿನ ಒಲೆಯೋ ಅಂತ ತಲೆ ಕೆಡಿಸಿಕೊಂಡರು.

ಉತ್ತರ ಅಗೆದವರಿಗೆ ಸಿಕ್ತು. ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ 1952ರಲ್ಲಿ ಅಗೆದಿದ್ದ ಎಫ್.ಆರ್. ಆಲ್ಚಿನ್, 1957ರಲ್ಲಿ ಕೃಷ್ಣಾ ಆಚೆಯ ಉಟ್ನೂರಿನ ಬೂದಿದಿಬ್ಬ ಅಗೆದರು. ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತು! ಅದು ಸುಟ್ಟ ಸಗಣಿ. ಮೂರೂವರೆಯಿಂದ ಐದು ಸಾವಿರ ವರ್ಷ ಹಿಂದಿನ ದನಗಾಹಿಗಳು ದೊಡ್ಡಿಯಲ್ಲಿ ರಾಶಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಹಾಕಿದ್ದರು. ಬೂದಿಹಾಳದಲ್ಲಿ ಪುಣೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ವರ್ಷಗಟ್ಟಲೆ ಅಗೆದು, ದಿಬ್ಬದ ಪಕ್ಕದಲ್ಲೇ ಆ ಜನ ವಾಸ ಮಾಡಿದ ಜಾಗವನ್ನೂ ತೋರಿಸಿತು.

ಈಗ ನಮ್ಮ ಹೆಸರುಗಳಿಗೆ ವಾಪಸ್ ಬನ್ನಿ. ಹಟ್ಟಿ, ಇವತ್ತು ಚಿನ್ನದ ಗಣಿ. ಆದರೆ ಹಟ್ಟಿ ಅನ್ನೋ ಮಾತಿಗೆ ಅರ್ಥ ದನ, ಕುರಿ ಕಾಯೋರ ನೆಲೆ. ದೇವದುರ್ಗದ ಕೊತ್ತದೊಡ್ಡಿ: ತೆಲುಗಿನಲ್ಲಿ ಕೊತ್ತ ಅಂದ್ರೆ ಹೊಸದು. ಹೊಸ ದನದ ದೊಡ್ಡಿ.

ನನ್ನ ತಮ್ಮನನ್ನ ನೀರಿನಿಂದ ಎಳೆದದ್ದೂ ಒಬ್ಬ ಕುರಿಗಾಹಿಯ ಕಂಬಳಿನೇ. ಈ ನೆಲದಲ್ಲಿ ಹೆಚ್ಚು ನಡೆದವರು ಅವರೇ. ಹೆಸರಿಟ್ಟವರೂ ಅವರೇ ಅಂತ ನನ್ನ ಲೆಕ್ಕ.

(7/10)
ಇವತ್ತಿನ ವೋಚರ್ ನಿಮ್ಮ ಕಣ್ಣು. ಸ್ವೈಪ್ ಮಾಡಿ. ಕೊಪ್ಪಳದ ಗುಡ್ಡದ ಮೇಲೆ ಎರಡು ಗುಂಡಿನ ತಲೆ ಮೇಲೆ ಒಂದು ದೊಡ್ಡ ಹಾಸುಗಲ್ಲು. ಏನು ಕಾಣ್ತದ? ಪಲ್ಲಕ್ಕಿ! ಅದಕ್ಕೇ ಅದು ಪಾಲ್ಕಿಗುಂಡು. ಆ ಚಪ್ಪರದಂಥ ಕಲ್ಲಿನ ನೆರಳಿನಲ್ಲಿ 1931ರಲ್ಲಿ ಅಶೋಕನ ಶಾಸನ ಸಿಕ್ಕಿತು. ಕೊಪ್ಪಳ 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯೇ, ಹಂಗಾಗಿ ಸ್ವಲ್ಪ ಹಕ್ಕು ಇಟ್ಟುಕೊಂಡು ಬರೀತೀನಿ.

ಅಲ್ಲಿಂದ ಗಂಗಾವತಿ ಕಡೆ ಹಿರೇಬೆಣಕಲ್. ಗುಡ್ಡದ ಮೇಲೆ ನೂರಾರು ಕಲ್ಲು ಮನೆಗಳು: ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಕೆಲವಕ್ಕೆ ಗುಂಡನೆ ಕಿಂಡಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಶಿಲಾಸಮಾಧಿಗಳು ಇವು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಊರವರಿಗೆ ಅದು ಮೋರ್ಯರ ಗುಡ್ಡ. ಮೋರ್ಯರು ಅಂತ ಮೊಳದುದ್ದದ ಕುಳ್ಳ ಜನ ಇದ್ದರಂತೆ, ಈ ಮನೆ ಕಟ್ಟಿಕೊಂಡು ಇದ್ದರಂತೆ. ಕಿಂಡಿ ಅಷ್ಟು ಸಣ್ಣದಿದ್ದರೆ ಜನ ಎಷ್ಟು ಸಣ್ಣ ಇರಬೇಕು, ಲೆಕ್ಕ ಸರಿಯಾಗೇ ಇದೆ! "ಮೋರ್ಯ ಅಂದ್ರೆ ಅಶೋಕನ ಮೌರ್ಯ" ಅನ್ನೋರೂ ಇದ್ದಾರೆ. ಶಬ್ದ ಹತ್ತಿರ ಇದೆ, ಅಶೋಕ ಶಾಸನವೂ ಹತ್ತಿರ ಇದೆ. ಆದರೆ ಶಬ್ದ ಹತ್ತಿರ ಇರೋದು ವೋಚರ್ ಅಲ್ಲ. ಪೆನ್ಸಿಲ್‌ನಲ್ಲೇ ಇರಲಿ.

ಅದೇ ಗುಡ್ಡದ ಮೇಲೆ ನಗಾರಿ ಗುಂಡು ಇದೆ. ನಗಾರಿಯಂತೆ ಅರ್ಧಗೋಲದ ಬಂಡೆ, ಬಡಿದರೆ ದೂರಕ್ಕೆ ಕೇಳಿಸುತ್ತೆ. ಅದರ ಹೆಸರು ಬಳಸೋ ರೀತಿಯನ್ನೇ ಹೇಳಿಕೊಡುತ್ತೆ.

ನಮ್ಮ ಮಸ್ಕಿಗೂ ಒಂದು ನಮಸ್ಕಾರ. 1915ರಲ್ಲಿ ಚಿನ್ನ ಹುಡುಕ್ತಿದ್ದ ಬೀಡನ್ ಅನ್ನೋ ಗಣಿ ಎಂಜಿನಿಯರಿಗೆ ಅಲ್ಲಿನ ಗುಡ್ಡದ ಬಂಡೆ ಮೇಲೆ ಅಕ್ಷರ ಕಂಡವು. "ದೇವಾನಂಪ್ರಿಯ" ಅನ್ನೋ ಬಿರುದಿನ ಜೊತೆ "ಅಶೋಕ" ಅನ್ನೋ ಹೆಸರು ಮೊದಲ ಸಲ ಸಿಕ್ಕಿದ್ದು ಅಲ್ಲೇ. ಇಡೀ ದೇಶದ ಚಕ್ರವರ್ತಿಗೆ ಹೆಸರಿನ ವೋಚರ್ ಕೊಟ್ಟದ್ದು ನಮ್ಮ ಜಿಲ್ಲೆಯ ಒಂದು ಬಂಡೆ.

(8/10)
ಇಲ್ಲಿತನಕ ನಡೆಯೋರು, ಕಾಯೋರು ಇಟ್ಟ ಹೆಸರು. ಇವತ್ತು ಆಳೋರು ಇಟ್ಟ ಹೆಸರು.

ದುರ್ಗ ಅಂದ್ರೆ ಸಂಸ್ಕೃತದಲ್ಲಿ ಹೋಗೋಕೆ ಕಷ್ಟ ಆದ ಜಾಗ. ಅದೇ ಕೋಟೆಗೆ ಹೆಸರಾಯ್ತು. ಹಳೆಯ ರಾಜನೀತಿ ಗ್ರಂಥಗಳು ಕೋಟೆಗಳನ್ನ ಜಲದುರ್ಗ, ಗಿರಿದುರ್ಗ, ವನದುರ್ಗ ಅಂತ ವಿಂಗಡಿಸುತ್ತವೆ. ಪುಸ್ತಕದ ಮಾತು ನಮ್ಮ ಸೀಮೆಯಲ್ಲಿ ನಿಜವಾದ ಊರುಗಳಾಗಿವೆ. ಲಿಂಗಸುಗೂರು ತಾಲೂಕಿನಲ್ಲಿ ಕೃಷ್ಣೆಯ ಕವಲುಗಳ ನಡುವೆ ಜಲದುರ್ಗ. ಶಹಾಪುರ ತಾಲೂಕಿನಲ್ಲಿ ಸುರಪುರ ನಾಯಕರ ಕಾಲದ ವನದುರ್ಗ. ನಮ್ಮದು ದೇವದುರ್ಗ, ದೇವರ ಹೆಸರಿನ ಕೋಟೆ. ವನದುರ್ಗ ಅಂದ್ರೆ ಕಾಡೇ ಗೋಡೆ ಆದ ಕೋಟೆ. ಇವತ್ತು ಅಲ್ಲಿ ಕೋಟೆ ನೋಡಬಹುದು, ವನ ಹೆಸರಿನಲ್ಲಿ ಹುಡುಕಬೇಕು.

ರಾಯಚೂರು ಬಸ್ ಸ್ಟ್ಯಾಂಡಿನಿಂದ ತಲೆ ಎತ್ತಿದರೆ ಕಾಣೋ ಗುಡ್ಡದ ಕೋಟೆ ಬಾಲಾ ಹಿಸಾರ್. ಪಾರಸಿಯಲ್ಲಿ ಮೇಲಿನ ಕೋಟೆ ಅಂತ. ಕಾಬೂಲಿನಲ್ಲೂ ಇದೇ ಹೆಸರಿನ ಕೋಟೆ ಇದೆ, ಗೋಲ್ಕೊಂಡದಲ್ಲೂ ಇದೆ. ಆಳೋರ ಹೆಸರು ಹೀಗೇ, ಎಲ್ಲಿ ಬೇಕಾದರೂ ಹೊಂದುತ್ತೆ. ಕರಡಿಗುಡ್ಡ ಅನ್ನೋದನ್ನ ಎಲ್ಲೆಂದರಲ್ಲಿ ಇಡೋಕೆ ಬರಲ್ಲ, ಅಲ್ಲಿ ಕರಡಿ ಇರಬೇಕು.

ರಾಯಚೂರಿನದೇ ಹೆಸರು? ಎರಡು ಮಾತಿವೆ. ರಾಚ ಅಂದ್ರೆ ರಾಜ, ರಾಚವೂರು, ರಾಜರ ಊರು. ಇನ್ನೊಂದು, ತೆಲುಗಿನಲ್ಲಿ ರಾಯಿ ಅಂದ್ರೆ ಕಲ್ಲು, ಕಲ್ಲಿನ ಊರು. ಎರಡನೆಯದನ್ನ ಹೇಳೋರನ್ನ ಸುಮ್ಮನೆ ನಗಾಡಬೇಡಿ. ಕೋಟೆಯ ಪಶ್ಚಿಮ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ್ಯ ರೆಡ್ಡಿಯ ಕಡೆಯ ವಿಠಲನಾಥ ಕೋಟೆ ಕಟ್ಟಿಸಿದ ಅಂತ ಅದರ ಮೇಲೆ ತೆಲುಗು ಶಾಸನ ಇದೆ. ಆ ಕಲ್ಲನ್ನ ಗಾಡಿ ಮೇಲೆ ಹೇರಿ ಕೋಣಗಳು ಎಳೀತಿರೋ ಗೆರೆಚಿತ್ರವನ್ನೂ ಕೆತ್ತಿದ್ದಾರೆ.

ರಾಜನ ಹೆಸರಿದೆ, ಇಸವಿ ಇದೆ. ಕೋಣ ಹೊಡೆದವರ ಹೆಸರಿಲ್ಲ. ಚಿತ್ರ ಆದ್ರೂ ಇದೆಯಲ್ಲ ಅಂತ ನಾನು ಅದರ ಮುಂದೆ ಬಾಳ ಹೊತ್ತು ನಿಂತಿದ್ದೆ.

(9/10)
ಹೆಸರು ಹೇಗೆ ಹುಟ್ಟಿತು ಅಂತ ಎಂಟು ಪೋಸ್ಟು ಬರೆದೆ. ಹೇಗೆ ಸಾಯುತ್ತೆ ಅಂತ ಒಂದು.

ಒಂದು ದಾರಿ, ಅನುವಾದ. ರಾಯಚೂರಿನಲ್ಲಿ ಖಾಸ್ ಬಾವಿ ಇದೆ, ಉರ್ದು ಮಾತಾಡೋ ಹಿರಿಯರು ಹೇಳೋ ಆಮ್ ತಲಾಬ್ ಇದೆ. ಉರ್ದುವಿನಲ್ಲಿ ಆಮ್ ಅನ್ನೋ ಎರಡು ಮಾತಿವೆ, ಬರೆಯೋ ಅಕ್ಷರ ಬೇರೆ ಬೇರೆ. ಒಂದಕ್ಕೆ ಅರ್ಥ ಎಲ್ಲರದ್ದು, ಸಾರ್ವಜನಿಕ. ಇನ್ನೊಂದಕ್ಕೆ ಮಾವು. ಖಾಸ್ ಅಂದ್ರೆ ವಿಶೇಷದವರಿಗೆ ಮಾತ್ರ. ಖಾಸ್ ಬಾವಿ ಇದ್ದ ಊರಿನಲ್ಲಿ ಆಮ್ ತಲಾಬ್ ಅಂದ್ರೆ ಎಲ್ಲರ ಕೆರೆ ಅಂತ ನನಗೆ ಕೇಳಿಸುತ್ತೆ. ಆದರೆ ಕನ್ನಡದಲ್ಲಿ ನಾವು ಹೇಳೋದು ಮಾವಿನಕೆರೆ. ಮಾವಿನ ಮರಗಳೂ ಇದ್ದವೇನೋ, ಹಂಗಾಗಿ ಇದನ್ನೂ ಪೆನ್ಸಿಲ್‌ನಲ್ಲೇ ಬರೆದಿದ್ದೇನೆ. ಎಲ್ಲರ ಕೆರೆ ಅಂತ ಹೆಸರಿದ್ದಿದ್ದರೆ ಒತ್ತುವರಿ ಮಾಡೋಕೆ ಒಂದು ಗಳಿಗೆಯಾದರೂ ಕೈ ನಡುಗುತ್ತಿತ್ತಾ ಅಂತ ಯೋಚನೆ ಬಂತು.

ಎರಡನೇ ದಾರಿ, ನಂಬರು. ಅಜ್ಜಿಗೆ ನಮ್ಮ ಹೊಲ ಅಂದ್ರೆ "ಹುಣಸಿಗಿಡದ ಮಸಾರಿ". ಮರ ಯಾವುದು, ಮಣ್ಣು ಯಾವುದು, ಎರಡೂ ಅದರಲ್ಲೇ ಬಂತು. ಪಹಣಿಯಲ್ಲಿ ಅದು ಒಂದು ಸರ್ವೆ ನಂಬರು ಮತ್ತು ಹಿಸ್ಸಾ. ನಂಬರು ತಪ್ಪಲ್ಲ, ಅದಿಲ್ಲದೆ ಬ್ಯಾಂಕ್ ಸಾಲ ಹುಟ್ಟಲ್ಲ, ಬೆಳೆವಿಮೆ ಬರಲ್ಲ. ನಾನೇ ಅದನ್ನ ಓದ್ತಿರೋನು. ಆದರೆ ಹಳ್ಳಕ್ಕೆ ಪಹಣಿಯಲ್ಲಿ ಸಿಗೋದು ಖರಾಬು ಅನ್ನೋ ಮಾತು. ಸಾಗುವಳಿಗೆ ಬಾರದ್ದು. ಮಡುವಿಗೆ ಒಂದು ಸಾಲೂ ಇಲ್ಲ.

ಮೂರನೇ ದಾರಿ, ಹೇಳೋರು ಇಲ್ಲದಿರೋದು. ಮುಂಚೆ ದನ ಕಾಯೋಕೆ ಹೋದ ಹುಡುಗರು ಹೆಸರು ಕಲೀತಿದ್ದರು. ನಾವು ಶಾಲೆಗೆ ಹೋದ್ವಿ. ಅದು ಒಳ್ಳೇದೇ ಆಯ್ತು, ನಮ್ಮ ಮುತ್ಯಾನೂ ಅದಕ್ಕೇ ಹೊಲ ಒತ್ತೆ ಇಟ್ಟಿದ್ದ. ಆದರೆ ದನದ ಹಿಂದೆ ಹೋದವರು ಕಲೀತಿದ್ದ ಪಾಠವನ್ನ ಯಾವ ಶಾಲೆಯೂ ತನ್ನ ಪುಸ್ತಕಕ್ಕೆ ಸೇರಿಸಿಕೊಳ್ಳಲಿಲ್ಲ.

(10/10)
ಕೊನೇ ಪೋಸ್ಟು. ಮತ್ತೆ ಮೊದಲ ಫೋಟೋದ ಜಾಗಕ್ಕೇ ಬಂದಿದ್ದೇನೆ. ಈ ಸಲ ಅಜ್ಜಿ ಜೊತೆ. ಮೊಣಕಾಲು ನೋವು, ಆದರೂ ಕೋಲು ಊರಿಕೊಂಡು ಬಂದಳು. ದಾರಿಯುದ್ದಕ್ಕೂ ಹೇಳ್ತಾ ಹೋದಳು, ನಾನು ಬರೀತಾ ಹೋದೆ. ಅರ್ಧ ತಾಸಿನ ದಾರಿಯಲ್ಲಿ 23 ಹೆಸರು. ಮ್ಯಾಪಿನಲ್ಲಿ ಅದರಲ್ಲಿ ಒಂದೂ ಇಲ್ಲ.

ಮಡುವಿನ ಹತ್ತಿರ ಕೇಳಿದೆ, "ಅಜ್ಜಿ, ಎತ್ತು ಯಾರದು?"
"ನಮ್ಮ ಅತ್ತಿ ಹೇಳ್ತಿದ್ದಳಪ್ಪಾ. ಬರದ ವರ್ಷ, ನೀರಡಿಸಿದ ಎತ್ತು, ನೊಗ ಬಿಚ್ಚಿದ ಕೂಡಲೇ ಓಡಿ ಇಳೀತಂತ. ಕೆಳಗ ಕೆಸರು. ಮ್ಯಾಲ ಬರಲೇ ಇಲ್ಲ."
"ಯಾರ ಮನೆ ಎತ್ತು?"
"ಅದು ಯಾರಿಗ್ಗೊತ್ತು? ಎತ್ತಿನ ಹೆಸರೂ ಹೋತು, ಒಕ್ಕಲಿಗನ ಹೆಸರೂ ಹೋತು. ಮಡುವಿನ ಹೆಸರು ಉಳೀತು."

ನನ್ನ ವೋಚರ್ ರೂಲಿನ ಪ್ರಕಾರ ಇದಕ್ಕೆ ಶಾಸನ ಇಲ್ಲ, ಅಗೆತ ಇಲ್ಲ. ಆದರೆ ತಮ್ಮನ ಕಾಲಿಗೆ ನೆಲ ಸಿಗದೇ ಇದ್ದದ್ದನ್ನ ನಾನೇ ನೋಡಿದ್ದೇನೆ. ಆ ಒಂದು ಎಂಟ್ರಿಯನ್ನ ಪೆನ್ನಿನಲ್ಲಿ ಬರೆದೆ.

ಈಗ ನಿಮ್ಮ ಕೆಲಸ. ಈ ದೀಪಾವಳಿಗೋ ಜಾತ್ರೆಗೋ ಊರಿಗೆ ಹೋಗ್ತೀರಲ್ಲ, ಮನೆಯ ಹಿರಿಯರ ಜೊತೆ ಹಳ್ಳದ ತನಕ ಒಂದು ಸಲ ನಡೀರಿ. ಫೋನಿನಲ್ಲಿ ದನಿ ರೆಕಾರ್ಡ್ ಮಾಡಿ. ಹೆಸರು ಅವರು ಹೇಳಿದ ಹಾಗೇ ಬರೀರಿ, ಶುದ್ಧ ಮಾಡೋಕೆ ಹೋಗಬೇಡಿ. ಮಸರು ಅಂದ್ರೆ ಮಸರು ಅಂತಲೇ ಇರಲಿ. ಕಾರಣ ಗೊತ್ತಾಗದಿದ್ದರೆ ಕಾಲಂ ಖಾಲಿ ಬಿಡಿ, ಕಥೆ ಕಟ್ಟಬೇಡಿ. ನೀರಿನ ಜಾಗದ ಹೆಸರು ಮೊದಲು ಕೇಳಿ. ಊರಿನ ಸಣ್ಣ ಮಕ್ಕಳಿಗೆ ಅದನ್ನ ಅವತ್ತೇ ಹೇಳಿ.

ನಮ್ಮ ಊರಿನಲ್ಲಿ ನಾನು, ಮಾಮಾನ ಮಗ ಇಬ್ಬರೂ ಸೇರಿ ಆ ಎರಡು ಗುಂಡಿನ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆದು ಬಂದ್ವಿ. ಕೊನೇ ಫೋಟೋ ಅದೇ. ಅಕ್ಷರ ಸ್ವಲ್ಪ ಸೊಟ್ಟ ಇವೆ, ಬರೆದವನು ಅವನು. ಮಳೆಗೆ ಅಳಿಸಿ ಹೋಗುತ್ತೆ ಅಂತ ಗೊತ್ತು. ಪ್ರತಿ ವರ್ಷ ಮತ್ತೆ ಬರೆಯೋದು ತನ್ನ ಕೆಲಸ ಅಂತ ಹೇಳಿದ್ದಾನೆ.

ಕಮೆಂಟ್‌ನಲ್ಲಿ ನಿಮ್ಮೂರಿನ ಒಂದೇ ಒಂದು ಹೆಸರು ಬರೀರಿ: ಗುಡ್ಡ, ಹಳ್ಳ, ಕಲ್ಲು, ಯಾವುದಾದರೂ. ನೋಟ್‌ಬುಕ್‌ನಲ್ಲಿ ಇನ್ನೂ ಜಾಗ ಇದೆ.

#ಎಡೆದೊರೆನಾಡು #ರಾಯಚೂರು #ದೇವದುರ್ಗ #ಮಾನ್ವಿ #ಹೆಸರಿನಕಥೆ